ಸಂಕರ್ಷಣನ ಮುಂದಿನ ಹೆಸರು

ಇಂದೂಬಾಯಿಗೆ ಮರೆವು ಒಮ್ಮೆಲೇ ಬರಲಿಲ್ಲ. ಮಿದುಳಿಗೆ ರಕ್ತ ಒಯ್ಯುವ ಸಣ್ಣ ನಾಳಗಳು ಒಂದೊಂದಾಗಿ ಮುಚ್ಚ್ಯಾವ ಎಂದರು ಕಲಬುರ್ಗಿಯ ಡಾಕ್ಟರು. ಅದು ಎರಡು ಸಾವಿರದ ನಾಲ್ಕನೇ ಇಸವಿ. "ಕೊಯ್ಯೂದಿಲ್ಲ, ಚುಚ್ಚೂದಿಲ್ಲ. ಕಿವಿಗೆ ಕ್ಲಿಪ್ಪು ಹಚ್ಚಿ ಸಣ್ಣ ಕರೆಂಟ್ ಬಿಟ್ಟು ನರ ಎಬ್ಬಿಸಿ ನೋಡೋಣು. ಹೊಸಾದು, ಖಾತ್ರಿ ಹೇಳಾಂಗಿಲ್ಲ. ಎಂಟು ವಾರದಾಗ ಗುಣ ಕಂಡ್ರ ಮುಂದುವರಸೋಣು, ಇಲ್ಲಾಂದ್ರ ನಿಲ್ಲಸೋಣು." ಅಕಿಯ ಗಂಡ ನಾನು, ವಾಸುದೇವ. ಹೂಂ ಅಂದೆ. ವಾರಕ್ಕೆ ಮೂರು ಸಲ ಕಮಲಾಪುರದಿಂದ ಬಸ್ಸು ಹತ್ತಿದೆವು.

ಮಷಿನ್ ಹಚ್ಚುವಾಕಿ ಗುಲ್ಶನ್. ನೆನಪು ಅಳೆಯಲು ಅವಳ ಹತ್ತಿರ ಒಂದು ಹಾಳೆ ಇತ್ತು.

"ಕಾಕು, ಈಗ ಪ್ರಧಾನಮಂತ್ರಿ ಯಾರ್ರಿ?"

"ಯಾರಿದ್ರ ನಮಗೇನವ್ವಾ," ಅಂದಳು ಇಂದೂಬಾಯಿ.

"ಅದು ಅಕಿಗೆ ಮೊದಲೂ ಗೊತ್ತಿರಲಿಲ್ಲ," ಅಂದೆ ನಾನು.

ಗುಲ್ಶನ್ ನಕ್ಕಳು. "ಹಂಗಾದ್ರ ಬಾಯಿಪಾಠ ಇದ್ದದ್ದು ಏನರ ಹೇಳ್ರಿ ಕಾಕಾ."

ದಿನಾ ದೀಪ ಹಚ್ಚಿ ದೇವರ ಇಪ್ಪತ್ನಾಲ್ಕು ಹೆಸರು ಹೇಳುತ್ತಿದ್ದಳು ಅಂದೆ.

ಮೊದಲ ದಿನ ಕೇಶವನಿಂದ ದಾಮೋದರನ ತನಕ ಬಂದು ನಿಂತಳು. ಹನ್ನೆರಡು. ಐದನೇ ವಾರಕ್ಕೆ ಇಪ್ಪತ್ಮೂರು.

"ಒಂದೇ ತಪ್ಪ್ಯದ ಕಾಕು, ಅದನ್ನೂ ಹಿಡಿಯೋಣು!"

ಅದು ತಪ್ಪಿರಲಿಲ್ಲ. ಸಂಕರ್ಷಣ ಆದಮೇಲೆ ವಾಸುದೇವ ಬರಬೇಕು. ಗಂಡನ ಹೆಸರು ಹೇಳಬಾರದೆಂದು, ಲಗ್ನವಾದಂದಿನಿಂದ ಅಲ್ಲಿ ತುಟಿ ಮುಚ್ಚಿ, ತಲೆ ಬಗ್ಗಿಸಿ, ಪ್ರದ್ಯುಮ್ನನಿಗೆ ಹೋಗುತ್ತಿದ್ದಳು. ಅಂದೂ ಹಾಗೇ ಮಾಡಿದಳು. ನನ್ನ ಪಾಲಿಗೆ ಇಪ್ಪತ್ಮೂರೇ ಪೂರಾ. ಆ ಹುಡುಗಿಯ ಮುಂದೆ ಇದನ್ನೇನು ಹೇಳೂದು ಅಂತ ನಾಚಿ ಸುಮ್ಮನಾದೆ.

ಎಂಟನೇ ವಾರ ಇಂದೂಬಾಯಿ ಎಲ್ಲೂ ನಿಲ್ಲಲಿಲ್ಲ. ಸಂಕರ್ಷಣ, ವಾಸುದೇವ, ಪ್ರದ್ಯುಮ್ನ. ಸರಾಗವಾಗಿ ಕೃಷ್ಣನ ತನಕ ಹೇಳಿದಳು.

"ಪೂರಾ ಇಪ್ಪತ್ನಾಲ್ಕು! ಶಾಭಾಶ್ ಕಾಕು!" ಗುಲ್ಶನ್ ಚಪ್ಪಾಳೆ ಹೊಡೆದಳು.

ಇಂದೂಬಾಯಿ ನನ್ನ ಕಡೆ ನೋಡಿದಳು. "ಈ ಹಿರ್ಯಾರಿಗೆ ಒಂದು ಕುರ್ಚಿ ಕೊಡವ್ವಾ. ಆಗಿಂದ ನಿಂತಾರ."

ಆಗ ಗುಲ್ಶನ್‌ಗೆ ಹೇಳಿದೆ, ಆ ಹೆಸರು ಅಕಿ ಯಾಕೆ ಬಿಡುತ್ತಿದ್ದಳು ಅಂತ. ಅವಳ ಪೆನ್ನು ನಿಂತಿತು.

"ಮೊದಲೇ ಯಾಕ ಹೇಳಲಿಲ್ರಿ ಕಾಕಾ?"

ಕುರ್ಚಿ ಎಳೆದು ಇಂದೂಬಾಯಿಯ ಮಗ್ಗುಲಿಗೆ ಕೂತೆ.

"ಇಪ್ಪತ್ನಾಲ್ಕು ಅಂತ ಬರದ್ರ ಇನ್ನ ಎಂಟು ವಾರ ಹಚ್ಚಬಹುದ್ರಿ," ಅಂದಳು ಸಣ್ಣ ದನಿಯಲ್ಲಿ. "ಏನ್ ಬರೀಲಿ?"

"ನಾ ಹೇಳಿದ್ದನ್ನೂ ಬರಿಯವ್ವಾ."

ಬರೆದಳು. ಡಾಕ್ಟರು ಓದಿದರು, "ನಿಲ್ಲಸೋಣು" ಅಂದರು. ಗುಲ್ಶನ್ ಕ್ಲಿಪ್ಪು ಬಿಚ್ಚಿ ವೈರು ಸುತ್ತಿದಳು.

"ಮುಗೀತೇನವ್ವಾ?" ಇಂದೂಬಾಯಿ ಕೇಳಿದಳು.

"ಮುಗೀತ್ರಿ," ಅಂದೆ ನಾನು. "ನಡೀರಿ, ಬಸ್ಸಿನ ಹೊತ್ತಾತು."