ಸಾರ್ಜೆಂಟ್ ಇನ್ನೂ ಎದ್ದಿಲ್ಲ

ನಮ್ಮಜ್ಜಿ ವರ್ನೆಟ್ಟಾ ಎದುರುಮನೆ ನಾರ್ಬರ್ಟನನ್ನು ಮದುವೆಯಾಗಿ ರಸ್ತೆ ದಾಟಿ ಹೋದ ದಿನವೇ ನಾನು ನಮ್ಮ ಮನೆಯಲ್ಲೇ ಕಳ್ಳನಾದೆ. ಮೆಸಾ ಡೊರಾಡಾ ಅನ್ನುವ ನಮ್ಮ ಈ ಮುದುಕರ ಊರಿನ ನಿಯಮ ಹಾಗಿದೆ. ಪ್ರತಿ ಮನೆಯಲ್ಲೂ ಐವತ್ತೈದು ದಾಟಿದ ಒಂದು ಜೀವ ವಾಸ ಇರಲೇಬೇಕು. ಅಜ್ಜಿ ಇರುವವರೆಗೆ ನಾನು ಮೊಮ್ಮಗ. ಅಜ್ಜಿ ಹೊಸ ಗಂಡನ ಹಿಂದೆ ಹೋದ ಮೇಲೆ ಬರೀ ಇಪ್ಪತ್ಮೂರು ವರ್ಷದವನು, ಅಂದರೆ ಅಪರಾಧಿ.

ಮೈಯೆಲ್ಲ ಉರಿಯಿತು. ಈ ಊರಿನ ಮೇಲೆ ನನಗೇನೂ ಮೋಹವಿಲ್ಲ. ರಾತ್ರಿಯೂಟವನ್ನು ಸಂಜೆ ನಾಲ್ಕಕ್ಕೇ ಮುಗಿಸುವ ಜನ. ಅಂಗಳಕ್ಕೆ ಹುಲ್ಲಿನ ಬದಲು ಜಲ್ಲಿ ಸುರಿದು, ಆ ಜಲ್ಲಿಗೆ ಹಸಿರು ಬಣ್ಣ ಹೊಡೆಸಿ, ಆಮೇಲೆ ಅದರ ತಲೆ ಬಾಚುತ್ತ ಕೂರುವ ಜನ. ಚರ್ಚಿಗೂ ಗಾಲ್ಫ್ ಗಾಡಿ, ಹಲ್ಲಿನ ಡಾಕ್ಟರ ಹತ್ತಿರಕ್ಕೂ ಗಾಲ್ಫ್ ಗಾಡಿ. ಮುಂದೆ ಒಬ್ಬ ಮುದುಕ ಎಡಕ್ಕೆ ತಿರುಗುವ ದೀಪ ಹಾಕಿಕೊಂಡು ಊರಿನ ಈ ತುದಿಯಿಂದ ಆ ತುದಿಯವರೆಗೆ ನೆಟ್ಟಗೆ ಹೋಗುತ್ತಾನೆ, ಹಿಂದೆ ನಾವೆಲ್ಲ ಮೆರವಣಿಗೆ. ಆ ಗಾಡಿಗಳ ಬ್ಯಾಟರಿ ರಿಪೇರಿಯಿಂದಲೇ ನನ್ನ ಹೊಟ್ಟೆ ತುಂಬುವುದು, ನಿಜ. ಸ್ಕೂಲು ಬಿಟ್ಟ ಮೇಲೆ ಅಪ್ಪನ ಮನೆ, ಅಪ್ಪನ ಮೂರನೇ ಹೆಂಡತಿಯ ಮನೆ, ಗೆಳೆಯರ ಸೋಫಾ, ಹೀಗೆ ಅಲೆದವನು ನಾನು. "ಯಾವಾಗ ಹೊರಡ್ತೀಯ?" ಅಂತ ಯಾರೂ ಕೇಳದ ಮನೆ ಇದೊಂದೇ. ಅದನ್ನು ಕಿತ್ತುಕೊಳ್ಳಲು ಬಂದರೆ ಸುಮ್ಮನಿರುತ್ತೇನೆಯೇ?

"ನಮ್ಮಲ್ಲಿಗೇ ಬಾರೋ," ಎಂದಳು ಅಜ್ಜಿ.

ಹೋಗುವುದು ಹೇಗೆ? ನಾರ್ಬರ್ಟನ ಮನೆ ತುಂಬ ಹಾಲಿನಂಥ ಬಿಳಿ ಜಮಖಾನೆ. ನನ್ನ ಕೈಕಾಲಿಗೆ ಸದಾ ಬ್ಯಾಟರಿಯ ಕರಿ. ಅದೂ ಸಾಲದು ಅಂತ ಎಪ್ಪತ್ತೆಂಟರ ಹೊಸ ಮದುಮಕ್ಕಳು ಇಡೀ ದಿನ ಸೋಫಾದ ಮೇಲೆ ಕೈ ಕೈ ಹಿಡಿದು ಕೂತಿರುತ್ತಾರೆ. ನಾನು ಕಣ್ಣು ಎಲ್ಲಿಡಲಿ?

ಮದುವೆ ಕೇಕು ಹಳಸುವ ಮೊದಲೇ ಲೊರೇನ್ ಬಂದಳು. ಅವಳು ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷೆ. ಯಾರ ಕಸದ ಡಬ್ಬಿ ಹೊತ್ತು ಮೀರಿ ಬೀದಿಯಲ್ಲಿ ನಿಂತಿದೆ ಅಂತ ನೋಡುತ್ತ ಬಿಳಿ ಗಾಡಿಯಲ್ಲಿ ಗಸ್ತು ತಿರುಗುವುದೇ ಅವಳ ಬಾಳು.

"ಡೇರಿಲ್, ನಿಮ್ಮಜ್ಜಿ ಹೋದ್ರು. ಈಗ ಈ ಮನೇಲಿ ಐವತ್ತೈದು ದಾಟಿದೋರು ಯಾರಪ್ಪ ಇದಾರೆ?"

ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅಂದೆ. "ಸಾರ್ಜೆಂಟ್ ಇದಾನೆ."

ಸಾರ್ಜೆಂಟ್ ನಮ್ಮ ಆಮೆ. ಮರುಭೂಮಿಯ ಆಮೆ. ಬೆನ್ನ ಮೇಲೆ ಮಿಲಿಟರಿ ಸಾರ್ಜೆಂಟರ ತೋಳಿನಲ್ಲಿರುವಂತೆ ಮೂರು ಪಟ್ಟೆ, ಅದಕ್ಕೇ ಆ ಹೆಸರು. ಟೂಸಾನ್ ಊರಿನಲ್ಲಿ ಅಜ್ಜಿಯ ಗೆಳತಿಯೊಬ್ಬಳು ಸಾಯುವಾಗ ಅಜ್ಜಿಯ ಮಡಿಲಿಗೆ ಹಾಕಿ ಹೋಗಿದ್ದಳು. ಅರವತ್ತು ದಾಟಿದೆ, ಅದರಲ್ಲಿ ಸುಳ್ಳಿಲ್ಲ. ಚಳಿಗಾಲ ಶುರುವಾಗುತ್ತಿದ್ದಂತೆ ಹಿತ್ತಲ ಬಿಲಕ್ಕೆ ಇಳಿದರೆ ಮತ್ತೆ ಮುಖ ತೋರಿಸುವುದು ಬಿಸಿಲು ಬಲಿತ ಮೇಲೆಯೇ.

"ಯಾವ ಸಾರ್ಜೆಂಟು?" ಲೊರೇನಳ ದನಿ ತಟ್ಟನೆ ಮೆತ್ತಗಾಯಿತು.

"ಹಿಂದ್ಗಡೆ ಮಲಗಿದಾನೆ."

"ವಯಸ್ಸು?"

"ಅರವತ್ತರ ಮೇಲೆ."

"ಹೆಂಡತಿ?"

ನಿಯಮದಲ್ಲಿ ಹೆಂಡತಿಯ ಮಾತೇ ಇಲ್ಲ. ಆದರೂ ಹೇಳಿದೆ. "ಇಲ್ಲ. ಒಂಟಿ."

"ಕುಡೀತಾರಾ?"

"ನೀರೇ ಅಪರೂಪ."

"ಸ್ವಲ್ಪ ಕರೀತೀಯಾ?"

"ಚಳಿ ಮುಗಿಯೋವರೆಗೆ ಏಳೋದಿಲ್ಲ ಮೇಡಂ."

"ಅಯ್ಯೋ ಪಾಪ, ಕೀಲುನೋವು," ಎಂದು ತಾನೇ ರೋಗ ಕಂಡುಹಿಡಿದಳು. ಹೋಗುವಾಗ ಗಾಡಿಯ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ನಮ್ಮೂರಿನಲ್ಲಿ ಒಂಟಿ ಗಂಡಸು ಅಂದರೆ ಮಳೆ ಇದ್ದ ಹಾಗೆ. ಬರುವುದೇ ಅಪರೂಪ, ಬಂದರೆ ಎಲ್ಲರೂ ಪಾತ್ರೆ ಹಿಡಿದು ಓಡಿ ಬರುತ್ತಾರೆ. ಮರುದಿನವೇ ಪಕ್ಕದ ಬೀದಿಯ ವಿಧವೆ ಒಡೆಟ್, ಚೀಸು ಸುರಿದು ಬೇಯಿಸಿದ ನೂಡಲ್ಸಿನ ತಟ್ಟೆ ಹಿಡಿದು ಬಾಗಿಲಲ್ಲಿದ್ದಳು.

"ಸಾರ್ಜೆಂಟ್‌ಗೆ. ಉಪ್ಪು ಕಮ್ಮಿ ಹಾಕಿದೀನಿ."

"ಅವನು ಇದೆಲ್ಲ ಮುಟ್ಟಲ್ಲ. ಸೊಪ್ಪು, ಹೂವು, ಕಳ್ಳಿಹಣ್ಣು, ಅಷ್ಟೇ."

"ನೋಡು! ಅದಕ್ಕೇ ಮೈ ಕಾಪಾಡ್ಕೊಂಡಿದಾರೆ!"

ಅವಳ ಬೆನ್ನಿಗೇ ಬರ್ಡಿ. ಅವಳು ಇಬ್ಬರು ಗಂಡಂದಿರನ್ನು ಮಣ್ಣು ಮಾಡಿ ಮೂರನೆಯವನಿಗೆ ಜಾಗ ಖಾಲಿ ಇಟ್ಟುಕೊಂಡವಳು. ಕೈಯಲ್ಲಿ ನಿಂಬೆಹಣ್ಣಿನ ಕಡುಬು. ಆಮೇಲೆ ಲೊರೇನ್ ಕೋಳಿ ಸೂಪು ತಂದಳು, ಯಾರೂ ನೋಡದಂತೆ ಹಿಂದಿನ ಓಣಿಯಿಂದ. ಎಲ್ಲರಿಗೂ ನಾನು ಹೇಳಿದ್ದು ಒಂದೇ ಮಾತು: ಇನ್ನೂ ಎದ್ದಿಲ್ಲ. ಬಂದದ್ದನ್ನೆಲ್ಲ ನಾನೇ ತಿಂದೆ. ಸಿಟ್ಟಿನಿಂದಲೇ ತಿಂದೆ. ಪ್ಯಾಂಟಿನ ಗುಂಡಿ ಹಾರಿಹೋಯಿತು.

ಒಂದು ದಿನ ಈಜುಕೊಳದ ಪಕ್ಕ ಯಾರದೋ ಗಾಡಿಯ ಕೆಳಗೆ ಮಲಗಿ ವೈರು ಬಿಗಿಯುತ್ತಿದ್ದೆ. ನೀರೊಳಗಿಂದ ಮಾತು ತೇಲಿ ಬಂತು.

"ಕಿಟಕಿಯಿಂದ ಮಾತಾಡ್ಸಿದ್ರು ಕಣೇ. ಎಂಥಾ ಗಡಸು ದನಿ ಅಂತೀಯ!" ಒಡೆಟ್.

"ದನಿ ಏನು ಮಹಾ? ನನ್ನ ಕೈ ಹಿಡ್ಕೊಂಡು ಅರ್ಧ ಗಂಟೆ ಕೂತಿದ್ರು," ಬರ್ಡಿ.

ಲೊರೇನ್ ಕಪ್ಪು ಕನ್ನಡಕ ತೆಗೆಯದೆ ಅಂದಳು: "ಈ ಶನಿವಾರದ ಡ್ಯಾನ್ಸಿಗೆ ನನ್ನ ಜೊತೆ ಬರ್ತಾ ಇದಾರೆ."

ಕೊಳದಲ್ಲಿ ಅಲೆ ಕೂಡ ನಿಂತುಹೋಯಿತು.

ಅಜ್ಜಿಗೆ ಇದನ್ನು ಹೇಳಿದಾಗ ನಕ್ಕೂ ನಕ್ಕೂ ಅವಳ ಹಲ್ಲುಸೆಟ್ಟು ಕಳಚಿ ಕೈಗೆ ಬಂತು. "ನಿನಗಿಂತ ನಿನ್ನ ಆಮೆಗೇ ಬೇಡಿಕೆ ಜಾಸ್ತಿ ಕಣೋ!"

ಶುಕ್ರವಾರ ಬಿಸಿಲು ಚುರುಕಾಯಿತು, ಸಾರ್ಜೆಂಟ್ ಮಣ್ಣು ಕೊಡವಿಕೊಂಡು ಹೊರಗೆ ಬಂದ. ನಾರ್ಬರ್ಟನಿಗೆ ಕಿವಿ ಮಂದ, ನನ್ನ ಸುಳ್ಳಿನ ಸುದ್ದಿ ಅವನಿಗೆ ತಲುಪಿಯೇ ಇರಲಿಲ್ಲ. ಬೀದಿಯಲ್ಲಿ ಸಿಕ್ಕ ಲೊರೇನಳಿಗೆ "ಇವತ್ತು ಎದ್ದ!" ಅಂತ ಖುಷಿಯಾಗಿ ಕೂಗಿಬಿಟ್ಟಿದ್ದಾನೆ. ಮಧ್ಯಾಹ್ನದೊಳಗೆ ಲೊರೇನ್ ಹಾಜರ್. ಸುರುಳಿ ಸುತ್ತಿಸಿಕೊಂಡ ಕೂದಲು, ತುಟಿಗೆ ಕೆಂಪು, ಕಾಲಿಗೆ ಹೊಳೆಯುವ ಹೊಸ ಬಿಳಿ ಶೂ.

"ನಾಳೆ ಡ್ಯಾನ್ಸು. ನಾನೇ ಕೇಳ್ತೀನಿ, ನೀನು ಪಕ್ಕಕ್ಕೆ ಸರಿ," ಎಂದು ನನ್ನನ್ನು ತಳ್ಳಿಕೊಂಡು ಹಿತ್ತಲಿಗೆ ನಡೆದಳು.

ಚಳಿನಿದ್ದೆಯಿಂದ ಎದ್ದ ಹೊಸದರಲ್ಲಿ ಗಂಡಾಮೆಗೆ ಹೊಳೆಯುವ ದುಂಡನೆಯ ವಸ್ತುವೆಲ್ಲ ಶತ್ರುವೇ. ಸಾರ್ಜೆಂಟ್ ಶೂ ನೋಡಿದ, ತಲೆ ಒಳಗೆಳೆದ, ದಾಳಿಗೆ ಹೊರಟ. ದಾಳಿ ಅಂದರೆ ಗೇಟಿನಿಂದ ಟಪಾಲು ತಂದು ಓದಿ ಮುಗಿಸಬಹುದು, ಅಷ್ಟು ನಿಧಾನ. ಲೊರೇನ್ ಮನೆಯ ಕಿಟಕಿಗಳನ್ನೇ ಹುಡುಕುತ್ತ ನಿಂತಿದ್ದಳು.

"ಎಲ್ಲಿ ಸಾರ್ಜೆಂಟು?"

ಟಕ್ ಎಂದು ಶೂಗೆ ಬಡಿಯಿತು.

"ಅವನೇ," ಎಂದೆ.

ಅವಳು ಕೆಳಗೆ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಟಕ್. ತುಟಿಗಿಂತ ಮುಖ ಕೆಂಪಾಯಿತು.

"ಸೋಮವಾರ ಸಭೆ ಇದೆ," ಎಂದಳು ಹಲ್ಲು ಕಚ್ಚಿ. "ಎಲ್ಲರ ಮುಂದೆ ಹೇಳ್ತೀನಿ. ಗಂಟುಮೂಟೆ ಕಟ್ಕೋ."

ಕಟ್ಟಲು ಏನಿದೆ? ಎರಡು ಅಂಗಿ, ಒಂದು ಡಬ್ಬಿ ಸ್ಪ್ಯಾನರು. ಸಾಕಿದ ಆಮೆಯನ್ನು ಮರುಭೂಮಿಗೆ ಬಿಡುವಂತಿಲ್ಲ, ಅದಕ್ಕೂ ಕಾನೂನಿದೆ. ಮುದುಕ ಆಮೆಯ ಜೊತೆ ನನ್ನನ್ನು ಯಾರು ಸೋಫಾದ ಮೇಲೆ ಮಲಗಿಸಿಕೊಳ್ಳುತ್ತಾರೆ? ಡಬ್ಬಿಯನ್ನು ಒದ್ದೆ. ಕಾಲಿಗೇ ನೋವಾಯಿತು.

ಸೋಮವಾರ ಬೆಳಿಗ್ಗೆ ಸಭಾಂಗಣ ಭರ್ತಿ. ನಾನು ಕೊನೆಯ ಸಾಲಿನಲ್ಲಿ, ಪಕ್ಕದಲ್ಲಿ ಅಜ್ಜಿ ಮತ್ತು ನಾರ್ಬರ್ಟ್. ಲೊರೇನ್ ಮೈಕಿನ ಮುಂದೆ ನಿಂತು ನೇರ ನನ್ನನ್ನೇ ನೋಡಿದಳು.

"ಡೇರಿಲ್ ಮನೇಲಿ ಒಬ್ಬ ಸಾರ್ಜೆಂಟ್ ಇದಾರೆ ಅಂತಾರೆ. ಅವರನ್ನ ಇಲ್ಲಿ ಯಾರಾದ್ರೂ ಕಣ್ಣಾರೆ ನೋಡಿದೀರಾ?"

ಯಾರೂ ಉಸಿರೆತ್ತುವುದಿಲ್ಲ ಅಂತ ಅವಳ ಲೆಕ್ಕ. ನನ್ನದೂ ಅದೇ.

ಒಡೆಟ್ ಎದ್ದು ನಿಂತಳು. "ನಾನು ನೋಡಿದೀನಿ."

"ನೀನು ಕಿಟಕೀಲಿ ನೋಡಿದ್ದು," ಬರ್ಡಿ ಎದ್ದಳು. "ನಾನು ಕೈ ಹಿಡಿದಿದೀನಿ."

"ಯಾವ ಕೈ?"

"ಬಲಗೈ!"

"ಸುಳ್ಳಿ! ಬಲಗೈಗೆ ಯುದ್ಧದಲ್ಲಿ ಗುಂಡು ಬಿದ್ದಿದೆ, ನನಗೇ ಹೇಳಿದ್ರು!"

"ನಕ್ಕರೆ ಕೆನ್ನೇಲಿ ಗುಳಿ ಬೀಳುತ್ತೆ," ಎಂದು ನನಗೆ ಗುರುತೇ ಇಲ್ಲದ ಹೆಂಗಸೊಬ್ಬಳು ನಡುವಿನಿಂದ ಸೇರಿಸಿದಳು.

"ಯಾರ ವಿಷ್ಯ? ನಮ್ಮ ಆ..." ನಾರ್ಬರ್ಟ್ ಬಾಯಿ ತೆರೆದ. ಅಜ್ಜಿಯ ಮೊಣಕೈ ಪಕ್ಕೆಗೆ ಬಿತ್ತು. ಉಳಿದ ಮಾತು ಕೆಮ್ಮಾಯಿತು.

"ಎಲ್ಲ ಬಾಯ್ಮುಚ್ಚಿ!" ಲೊರೇನ್ ಕಿರುಚಿದಳು. "ಸಾರ್ಜೆಂಟ್ ಅಂದ್ರೆ ಯಾರು ಗೊತ್ತಾ ನಿಮಗೆ? ಸಾರ್ಜೆಂಟ್ ಅಂದ್ರೆ..."

"ಹೇಳು ಲೊರೇನ್, ನೀನೇ ಹೇಳು," ಒಡೆಟ್ ಸೊಂಟಕ್ಕೆ ಕೈ ಕೊಟ್ಟಳು. "ಶನಿವಾರ ಅವರ ಜೊತೆ ಡ್ಯಾನ್ಸಿಗೆ ಬರ್ತೀನಿ ಅಂತ ನೀನೇ ಅಂದಿದ್ದೆ. ಇಬ್ಬರೂ ಪತ್ತೆ ಇಲ್ಲ. ಎಲ್ಲಿದ್ರಿ? ಏನ್ ಮಾಡ್ತಿದ್ರಿ?"

"ಓಹೋ!" ಎಂದಿತು ಇಡೀ ಸಭೆ.

ಮೈಕು ಒಂದೇ ಸಮ ಗುಂಯ್‌ಗುಡುತ್ತಿತ್ತು. ಲೊರೇನ್ 'ಆಮೆ' ಅಂದುಬಿಟ್ಟರೆ ನನ್ನ ಕಥೆ ಮುಗಿಯಿತು. ಆದರೆ ಆಮೆಗೆ ಸೂಪು ತಂದು, ಆಮೆಗೋಸ್ಕರ ಸುರುಳಿ ಸುತ್ತಿಸಿಕೊಂಡು, ಶನಿವಾರವೆಲ್ಲ ಒಬ್ಬಳೇ ಮನೆಯಲ್ಲಿ ಕೂತಿದ್ದೆ ಅಂತಲೂ ಹೇಳಿದಂತಾಯಿತು. ಸಭೆಯ ಹೆಂಗಸರೆಲ್ಲ ಅವಳನ್ನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದರು. ಅಂಥ ನೋಟ ಅವಳ ಮೇಲೆ ಬಿದ್ದು ಎಷ್ಟು ಕಾಲವಾಗಿತ್ತೋ ಏನೋ.

ಬೆನ್ನು ನೆಟ್ಟಗೆ ಮಾಡಿದಳು.

"ಸಾರ್ಜೆಂಟ್ ಅಂದ್ರೆ ಮರ್ಯಾದಸ್ಥರು," ಎಂದಳು. "ಶುಕ್ರವಾರ ನಾನೇ ಹೋಗಿ ನೋಡಿ ಬಂದಿದೀನಿ. ವಯಸ್ಸು ನಿಯಮಕ್ಕೆ ಸರಿಯಾಗಿದೆ, ಹುಡುಗ ಇರಬಹುದು. ಶನಿವಾರದ ವಿಷಯ ನಮ್ಮಿಬ್ಬರ ಸ್ವಂತದ್ದು. ಮುಂದಿನ ಮಾತು, ಈಜುಕೊಳದ ಬಿಸಿನೀರು."

ಅಜ್ಜಿ ನನ್ನ ತೊಡೆ ಚಿವುಟಿದ್ದು ಸಂಜೆಯವರೆಗೂ ಉರಿಯುತ್ತಿತ್ತು.

ಸಭೆ ಮುಗಿಸಿ ನಡೆದು ಬರುತ್ತಿದ್ದೆ. ಬಿಳಿ ಗಾಡಿ ಪಕ್ಕಕ್ಕೆ ಬಂದು ನಿಂತಿತು.

"ಕೇಳಿಲ್ಲಿ," ಎಂದಳು ಲೊರೇನ್, ರಸ್ತೆಯನ್ನೇ ನೋಡುತ್ತ. "ನಾನೇ ಸಾರ್ಜೆಂಟನ್ನ ಬಿಟ್ಟಿದ್ದು. ಅವನು ನನ್ನನ್ನಲ್ಲ. ಯಾರಾದ್ರೂ ಕೇಳಿದ್ರೆ ಹಾಗೇ ಹೇಳ್ಬೇಕು."

"ಆಗ್ಲಿ ಮೇಡಂ. ಊಟ ಬಿಟ್ಟು ಗೋಳಾಡ್ತಾ ಇದಾನೆ ಅಂತೀನಿ."

ಅವಳು ಗಾಡಿಯ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡಳು.

"ಅಷ್ಟೊಂದು ಬೇಡ," ಎಂದಳು. "ಮಿಲಿಟರಿಯೋರು. ಎರಡು ದಿನ ಬೇಜಾರು ಮಾಡ್ಕೊಂಡಿದ್ರು ಅಂದ್ರೆ ಸಾಕು."