ಆಗಸ್ಟ್ ಹದಿನಾಲ್ಕರೊಳಗೆ

ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯನ್ನು ನನ್ನ ಗಂಡ ಶಾಮಸುಂದರ ಮೂವತ್ತಾರು ಸಾಲಿನ ಒಂದು ಎಕ್ಸೆಲ್ ಶೀಟಿನಲ್ಲಿ ಕಟ್ಟಿಹಾಕಿದ್ದ. ದಿನಕ್ಕೊಂದು ಸಾಲು. ಪರ್ತ್‌ನಲ್ಲಿ ವಿಮಾನ ಇಳಿಯುವುದು, ಅಲ್ಲೇ ಒಂದು ದೊಡ್ಡ ಗಾಡಿ, ಅದರ ಹಿಂದೆ ಕಟ್ಟಿಕೊಳ್ಳುವ ಕ್ಯಾಂಪರ್ ಟ್ರೇಲರ್ ಎರಡನ್ನೂ ಬಾಡಿಗೆಗೆ ಹಿಡಿಯುವುದು. ಬಿಚ್ಚಿದರೆ ಹಾಸಿಗೆ, ಒಲೆ, ಡೇರೆ ಎಲ್ಲ ಹೊರಗೆ ಬರುವ ಆ ಪೆಟ್ಟಿಗೆಯನ್ನು ಎಳೆದುಕೊಂಡು ಬ್ರೂಮ್ ಎಂಬ ಊರಿನ ತನಕ ಹೋಗಿ, ಒಳನಾಡಿನ ದಾರಿಯಲ್ಲಿ ವಾಪಸ್ಸಾಗುವುದು. ಒಟ್ಟು ಐದು ಸಾವಿರ ಕಿಲೋಮೀಟರಿಗೂ ಮೇಲೆ. ಜುಲೈ ಮೂರಕ್ಕೆ ಹೊರಟರೆ ಆಗಸ್ಟ್ ಏಳಕ್ಕೆ ದುಬೈ.

ನಾವಿಬ್ಬರೂ ಆ ದೇಶ ನೋಡಿದವರಲ್ಲ. ಅಲ್ಲಿ ಗುರುತಿನವರು ಅಂತ ಒಂದು ನರಪಿಳ್ಳೆಯೂ ಇಲ್ಲ. ದುಬೈನ ಅಲ್ ನಹ್ದಾದ ನಮ್ಮ ಫ್ಲ್ಯಾಟಿನಲ್ಲಿ ಕೊತ್ತಂಬರಿ ಮುಗಿದರೆ ಕೆಳಗಿನ ಗ್ರೋಸರಿಗೆ ಫೋನ್ ಮಾಡುತ್ತೇನೆ, ಒಗ್ಗರಣೆ ಆರುವುದರೊಳಗೆ ಬಾಗಿಲಿಗೆ ಬರುತ್ತದೆ. ಹದಿನೇಳು ವರ್ಷ ಹೀಗೆ ಬದುಕಿದವಳಿಗೆ ಶಾಮ ಬಣ್ಣ ಬಳಿದ ಕೋಷ್ಟಕ ತೋರಿಸುತ್ತಿದ್ದ. ಹಳದಿ ಅಂದರೆ ಫೋನಿಗೆ ಸಿಗ್ನಲ್ ಇಲ್ಲ. ಕೆಂಪು ಅಂದರೆ ಮುಂದಿನ ಪೆಟ್ರೋಲ್ ಬಂಕು ಇನ್ನೂರು ಕಿಲೋಮೀಟರ್ ಆಚೆ. ಶೀಟಿನ ತುಂಬ ಅರಿಸಿನ ಕುಂಕುಮ ಚೆಲ್ಲಿತ್ತು.

"ಕೆಂಪಲ್ಲಿ ಗಾಡಿ ನಿಂತುಹೋದ್ರೆ?" ಎಂದೆ.

"ಅದಕ್ಕೇ ಸ್ಯಾಟಲೈಟ್ ಫೋನ್. ಮೂವತ್ತು ಲೀಟರ್ ನೀರು. ಎರಡು ಸ್ಟೆಪ್ನಿ," ಎಂದ. ಎಲ್ಲಕ್ಕೂ ಉತ್ತರ ಇಟ್ಟುಕೊಂಡ ಮನುಷ್ಯನ ಮೇಲೆ ನನಗೆ ಯಾವಾಗಲೂ ಸಿಟ್ಟು ಬರುತ್ತದೆ. ಹದಿಮೂರು ವರ್ಷದ ಮಗಳು ಮಾನ್ಯ ಫೋನಿನಿಂದ ತಲೆ ಎತ್ತದೆ "ಅಮ್ಮಾ, ರಿಲ್ಯಾಕ್ಸ್" ಎಂದಳು. ನಮ್ಮ ಮನೆಯಲ್ಲಿ ನಾನೊಬ್ಬಳೇ ದಿಗಿಲು ಬೀಳುವುದು, ಉಳಿದವರ ಪಾಲಿನದೂ ನಾನೇ ಬೀಳಬೇಕು.

ಮೊದಲು ಅನುಮಾನದ ಹುಳ ಬಿಟ್ಟವರು ನೌಶಾದ್. ಭಟ್ಕಳದವರು, ದೇರಾದಲ್ಲಿ ಅತ್ತರಿನ ವ್ಯಾಪಾರ, ಮಿರ್ದಿಫ್‌ನಲ್ಲಿ ಮನೆ. ಅವರ ಮಗಳು ದುಆ ಮತ್ತು ಮಾನ್ಯ ಒಂದೇ ಕ್ಲಾಸು. ಚಳಿಗಾಲದಲ್ಲಿ ಮರಳುಗಾಡಿಗೆ ಹೋಗಲು ಅವರ ಹತ್ತಿರ ಸ್ವಂತ ಟ್ರೇಲರ್ ಇದೆ, ಹಾಗಾಗಿ ಶಾಮ ಅವರಿಗೆ ಶೀಟು ತೋರಿಸಿದ.

"ಎಂತ ಸರ್ ಇದು? ಗಂಟೆಗೆ ಎಪ್ಪತ್ತು ಹಾಕಿದ್ದೀರಿ!" ನೌಶಾದ್ ನಕ್ಕರು. "ಟ್ರೇಲರ್ ಕಟ್ಟಿದರೂ ತೊಂಬತ್ತು ಹೋಗ್ಲಿಕ್ಕೆ ಅಡ್ಡಿಯಿಲ್ಲ. ಮತ್ತೆ ಎಲ್ಲಾ ದಿನ ಮಧ್ಯಾಹ್ನ ಮೂರಕ್ಕೇ ಖಲಾಸ್?"

"ಸಂಜೆ ಕಾಂಗರೂ ರಸ್ತೆಗೆ ಬರ್ತಾವೆ," ಎಂದ ಶಾಮ.

ಅದು ನಿಜ, ನಾನೂ ಓದಿದ್ದೆ. ಆದರೆ ಇದೇ ಶಾಮ ಮದುವೆಯ ಹೊಸತರಲ್ಲಿ ಅಬುಧಾಬಿಯನ್ನು ಐವತ್ತು ನಿಮಿಷದಲ್ಲಿ ಮುಟ್ಟಿ ಮೀಸೆ ತಿರುವಿದವನು. ದುಬೈನಲ್ಲಿ ಬೋರ್ಡಿನ ಮಿತಿಗಿಂತ ಇಪ್ಪತ್ತು ಹೆಚ್ಚು ಓಡಿಸಿದರೂ ಕ್ಯಾಮೆರಾ ಸುಮ್ಮನಿರುತ್ತದೆ, ಆ ಇಪ್ಪತ್ತನ್ನು ಒಂದು ದಿನವೂ ಬಿಟ್ಟವನಲ್ಲ. ಆಫೀಸಿನ ಕೆಲಸಕ್ಕೆ ವಾರಕ್ಕೆರಡು ಸಲ ಅಬುಧಾಬಿಗೆ ಹೋಗಬೇಕು. ಫೆಬ್ರವರಿಯಿಂದ ಮೆಟ್ರೋ ಹಿಡಿದು, ಆಮೇಲೆ ಬಸ್ಸು ಹಿಡಿದು ಹೋಗುತ್ತಿದ್ದ. ಕೇಳಿದರೆ "ಅಬುಧಾಬಿಯಲ್ಲಿ ಆ ಇಪ್ಪತ್ತರ ರಿಯಾಯಿತಿ ಇಲ್ಲ, ಸುಮ್ನೆ ಯಾಕೆ ಫೈನು" ಎನ್ನುತ್ತಿದ್ದ. ವಯಸ್ಸಾಯಿತು, ಬುದ್ಧಿ ಬಂತು ಎಂದುಕೊಂಡಿದ್ದೆ. ಐವತ್ತೊಂದಕ್ಕೆ ಬಂದ ಬುದ್ಧಿಯನ್ನು ಯಾವ ಹೆಂಡತಿ ಪ್ರಶ್ನಿಸುತ್ತಾಳೆ?

ಜೂನ್ ಮೊದಲ ವಾರ ಬಾಡಿಗೆ ಕಂಪನಿಯ ಫಾರಂ ತುಂಬಲು ಕೂತೆ. ಶಾಮ ಸ್ನಾನಕ್ಕೆ ಹೋಗಿದ್ದ. ಚಾಲಕನ ಲೈಸೆನ್ಸ್ ವಿವರ ಕೇಳಿತು, ಅವನ ಪರ್ಸಿನಿಂದ ಕಾರ್ಡ್ ತೆಗೆದೆ. ಅವಧಿ ಮುಗಿಯುವ ದಿನ: ಆಗಸ್ಟ್ ಹದಿನಾಲ್ಕು.

ಈ ಊರಿನಲ್ಲಿ ನಮ್ಮ ಬದುಕಿನ ಎಲ್ಲಕ್ಕೂ ಒಂದೊಂದು ಮುಗಿಯುವ ದಿನ ಇದೆ. ವೀಸಾಕ್ಕೆ, ಐಡಿಗೆ, ಮನೆಯ ಕರಾರಿಗೆ, ವಿಮೆಗೆ. ಕಾರ್ಡಿನ ಮೇಲೆ ದಿನ ಇರುವ ತನಕ ನಾವು ಇದ್ದೇವೆ, ಗಟ್ಟಿಯಾಗಿದ್ದೇವೆ ಎಂದು ನಂಬಿ ನಂಬಿ ಅದೇ ಅಭ್ಯಾಸವಾಗಿದೆ. ಆದ್ದರಿಂದ ದಿನಾಂಕ ನೋಡಿ ಗಾಬರಿಯಾಗಲಿಲ್ಲ. ಗಾಬರಿಯಾದದ್ದು ಲೆಕ್ಕ ಹಾಕಿದ ಮೇಲೆ. ಮಾನ್ಯಳ ಶಾಲೆ ಶುರುವಾಗುವುದು ಆಗಸ್ಟ್ ಕೊನೆಗೆ. ಶಾಮನಿಗೆ ರಜೆ ಇನ್ನೂ ಉಳಿದಿತ್ತು. ಜುಲೈ ಮಧ್ಯಕ್ಕೆ ಹೊರಟರೆ ಟಿಕೆಟ್ಟೂ ಅಗ್ಗ ಎಂದು ನಾನೇ ಹೇಳಿದ್ದೆ, ಅವನು ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ. ಇಡೀ ಪ್ರವಾಸವನ್ನು ಆ ಕಾರ್ಡಿನೊಳಗೆ ತುರುಕಿದ್ದ.

ಟವೆಲ್ ಸುತ್ತಿಕೊಂಡು ಬಂದವನಿಗೆ ಕಾರ್ಡ್ ತೋರಿಸಿದೆ.

"ಅಷ್ಟರೊಳಗೆ ಬಂದುಬಿಡ್ತೀವಲ್ಲ," ಎಂದ.

"ಬಂದಮೇಲೆ?"

"ರಿನ್ಯೂ."

"ರಿನ್ಯೂಗೆ ಕಣ್ಣಿನ ಪರೀಕ್ಷೆ ಮಾಡಿಸ್ಬೇಕು."

"ಮಾಡಿಸೋಣ," ಎಂದ. ಕಿವಿ ಒರೆಸಿಕೊಳ್ಳುತ್ತಿದ್ದ ಕೈ ಒಂದು ಕ್ಷಣ ನಿಂತಿತು.

ನಾನು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ನೋವೇ ಇಲ್ಲ ಎಂದು ದವಡೆ ಬಿಗಿಹಿಡಿಯುವವರನ್ನು ದಿನಾ ನೋಡುತ್ತೇನೆ. "ರಿನ್ಯೂ ಆಮೇಲೆ ಆಗ್ಲಿ. ಕಣ್ಣು ನಾಳೆಯೇ ತೋರಿಸೋಣ," ಎಂದೆ.

ಮಾರನೆಯ ದಿನ ಮನೆ ಹತ್ತಿರದ ಕನ್ನಡಕದ ಅಂಗಡಿಗೆ ಎಳೆದುಕೊಂಡು ಹೋದೆ. ಲೈಸೆನ್ಸಿನ ಪರೀಕ್ಷೆ ಅಲ್ಲಿ ಹತ್ತು ನಿಮಿಷದ ಕೆಲಸ. ಶಾಮ ಕುರ್ಚಿಯಲ್ಲಿ ಕೂತ. ಗೋಡೆಯ ಮೇಲೆ ಅಕ್ಷರಗಳು. ಅವನು ತಪ್ಪು ಓದಲಿ ಎಂದು ಬೇಡುತ್ತಿದ್ದೆನೋ ಸರಿ ಓದಲಿ ಎಂದೋ ನನಗೇ ಗೊತ್ತಿಲ್ಲ. ಅವನು ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ಮಗ್ಗಿ ಒಪ್ಪಿಸುವಂತೆ ಓದಿದ. ಅಂಗಡಿಯವನು "ಗುಡ್ ಐಸ್, ಸರ್" ಎಂದು ಪಾಸು ಮಾಡಿದ.

ನನಗೆ ಹೋದ ಜೀವ ಬಂತು. ಗಂಡನ ಮೇಲೆ ಸಂಶಯ ಪಟ್ಟೆನಲ್ಲ ಎಂದು ನಾಚಿಕೆಯೂ ಆಯಿತು. ಕೆಳಗೆ ಕರಕ್ ಚಹಾ ಕೊಡಿಸಿದೆ. ಶಾಮ ಕಪ್ಪನ್ನು ಹಿಡಿದುಕೊಂಡೇ ನಿಂತಿದ್ದ, ಮುಖದಲ್ಲಿ ರಕ್ತವಿರಲಿಲ್ಲ. ನನ್ನ ಮೇಲಿನ ಕೋಪ ಎಂದುಕೊಂಡೆ.

ಆ ವಾರದ ಶನಿವಾರ ಟ್ರೇಲರ್ ಅಭ್ಯಾಸಕ್ಕೆ ಮಿರ್ದಿಫ್‌ಗೆ ಹೋದೆವು. ಬೆಳಿಗ್ಗೆ ಆರಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ನೌಶಾದರ ಮನೆಯ ಹಿಂದಿನ ಖಾಲಿ ಜಾಗದಲ್ಲಿ ಅವರ ದೊಡ್ಡ ಗಾಡಿಗೆ ಟ್ರೇಲರ್ ಕಟ್ಟಿ, ಮೋಟು ಗೋಡೆಯ ಪಕ್ಕ ಹಿಂದಕ್ಕೆ ತಂದು ನಿಲ್ಲಿಸುವುದು ಅಂದಿನ ಪಾಠ. ಟ್ರೇಲರ್ ಇದ್ದಾಗ ರಿವರ್ಸ್ ಉಲ್ಟಾ. ಎಡಕ್ಕೆ ತಿರುಗಿಸಿದರೆ ಹಿಂದಿನದು ಬಲಕ್ಕೆ ಹೋಗುತ್ತದೆ. ನೌಶಾದ್ ಹಿಂದೆ ಬಲಗಡೆ ನಿಂತು "ಯಲ್ಲಾ, ಬನ್ನಿ, ಬನ್ನಿ" ಎಂದು ಕೈ ಬೀಸುತ್ತಿದ್ದರು. ಶಾಮ ಬಲಗಡೆಯ ಕನ್ನಡಿಯಲ್ಲಿ ಅವರನ್ನು ನೋಡುತ್ತ ಹಿಂದೆ ಬರುತ್ತಿದ್ದ. ನಾನು ಮುಂದೆ ಕೊಡೆ ಹಿಡಿದು ನಿಂತಿದ್ದೆ.

ಮಾನ್ಯ ಚಹಾದ ತಟ್ಟೆ ಹಿಡಿದು ಮನೆಯಿಂದ ಬಂದಳು. ಕೆಂಪು ಟೀ ಶರ್ಟು. ಅಪ್ಪನ ಕಿಟಕಿಯ ಪಕ್ಕದಲ್ಲೇ, ಎಡಗಡೆಯಿಂದ, ಕೈ ಚಾಚಿದರೆ ತಾಗುವಷ್ಟು ಹತ್ತಿರ ಹಾದುಹೋದಳು. ಗಾಜು ಏರಿಸಿತ್ತು, ಎಸಿ ಹಾಕಿತ್ತು. ಶಾಮ ನೋಡಲಿಲ್ಲ. ಅವಳು ಹಿಂದೆ ಹೋಗಿ ಮೋಟು ಗೋಡೆಯ ಮೇಲೆ ತಟ್ಟೆ ಇಡಲು ಬಗ್ಗಿದಳು. ಟ್ರೇಲರ್ ಅದೇ ಕಡೆ ತಿರುಗಿತು.

ನಾನು ಕೂಗಿದೆ. ನನ್ನ ಕೂಗಿಗಿಂತ ಮೊದಲೇ ನೌಶಾದ್ ಓಡಿಬಂದು ಎರಡೂ ಕೈಯಲ್ಲಿ ಟ್ರೇಲರಿನ ತಗಡು ಬಡಿದರು. ಗಾಡಿ ಗಕ್ಕನೆ ನಿಂತಿತು. ಗೋಡೆಗೂ ಟ್ರೇಲರಿಗೂ ನಡುವೆ ಮಾನ್ಯ, ಅವಳಿಗೂ ತಗಡಿಗೂ ನಡುವೆ ಒಂದು ಗೇಣು. ಚಹಾ ಅವಳ ಬಟ್ಟೆ ಮೇಲೆ ಚೆಲ್ಲಿತ್ತು.

"ಅಪ್ಪಾ! ಆರ್ ಯೂ ಬ್ಲೈಂಡ್?" ಎಂದು ಕಿರುಚಿದಳು.

ಶಾಮ ಇಳಿದು ಬಂದ. ಮಗಳ ತೋಳು, ಭುಜ, ತಲೆ ಎಲ್ಲ ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಮರಳಿನ ಮೇಲೆಯೇ ಕುಸಿದು ಕೂತ. ನೌಶಾದ್ ಏನೋ ಅರ್ಥವಾದವರಂತೆ ಮಾನ್ಯಳನ್ನು ಮನೆಯೊಳಗೆ ಕರೆದುಕೊಂಡು ಹೋದರು.

"ಜನವರಿಯಲ್ಲಿ ಡಾಕ್ಟರ್ ಹೇಳಿದ್ರು," ಎಂದ ಶಾಮ. "ಗ್ಲೂಕೋಮಾ. ನೇರಕ್ಕೆ ಇರೋದು ಕಾಣುತ್ತೆ. ಬಲಕ್ಕಿರೋದೂ ಕಾಣುತ್ತೆ. ಎಡಕ್ಕಿರೋದು ನಾನು ತಲೆ ತಿರುಗಿಸೋ ತನಕ ಇರೋದೇ ಇಲ್ಲ. ಡ್ರಾಪ್ಸ್ ಆಫೀಸಲ್ಲಿ ಹಾಕ್ಕೋತೀನಿ."

"ಅಷ್ಟೂ ಅಕ್ಷರ ಓದಿದೆಯಲ್ಲ?"

"ಅಕ್ಷರ ಮಧ್ಯದಲ್ಲಿರುತ್ತೆ, ಕೋಕಿಲಾ."

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ಕೊಡೆಯನ್ನು ಅವನ ಪಕ್ಕ ಬಿಸಾಡಿದೆ. "ನನ್ನ ಮಗಳನ್ನ ಕೂರಿಸ್ಕೊಂಡು ಐದು ಸಾವಿರ ಕಿಲೋಮೀಟರ್ ಓಡಿಸೋನಿದ್ದೆಯಾ? ಆ ಎಪ್ಪತ್ತು, ಆ ಮೂರು ಗಂಟೆ, ಎಲ್ಲ ಇದಕ್ಕೇನಾ?"

"ಕಾರ್ಡ್ ಇರೋ ತನಕ ಓಡಿಸ್ಬಹುದು ಅಂದ್ಕೊಂಡೆ. ಆಗಸ್ಟಲ್ಲಿ ಕಣ್ಣು ಪರೀಕ್ಷೆ ಮಾಡಿ ಅವರೇ ಫೇಲ್ ಮಾಡ್ತಾರೆ, ಅವರೇ ನಿಲ್ಲಿಸ್ತಾರೆ, ಅಷ್ಟರೊಳಗೆ ಒಂದ್ಸಲ ನೋಡಿ ಬಂದುಬಿಡೋಣ ಅಂತ. ಅಲ್ಲಿ ಆಕಾಶ ಈ ಕೊನೆಯಿಂದ ಆ ಕೊನೆಗೆ ಇರುತ್ತಂತೆ. ನಂಗೆ ಕೊನೆಗಳು ಹೋಗ್ತಾ ಇವೆ." ಅವನು ಅಳುತ್ತಿದ್ದ. "ಅವರು ಪಾಸ್ ಮಾಡಿಬಿಟ್ರು. ಇನ್ನೂ ಐದು ವರ್ಷ ಓಡಿಸು ಅಂದ್ರು. ಇನ್ಯಾರೂ ನನ್ನ ನಿಲ್ಲಿಸಲ್ಲ ಅಂತ ಅವತ್ತಿಂದ ಕೈಕಾಲು ಆಡ್ತಿಲ್ಲ."

ಅಂಗಡಿಯ ಗೋಡೆ ಹೇಳಬೇಕಾದ ಮಾತನ್ನು ನಾನು ಹೇಳಬೇಕಾಗಿ ಬಂತು. "ಇವತ್ತಿಂದ ನೀನು ಓಡಿಸಲ್ಲ," ಎಂದೆ. ಅವನು ತಲೆ ಆಡಿಸಿ, ನಮ್ಮ ಕಾರಿನ ಕೀಲಿಯನ್ನು ಜೇಬಿನಿಂದ ತೆಗೆದು ನನ್ನ ಕೈಯಲ್ಲಿ ಇಟ್ಟ.

ಇಟ್ಟ ಮೇಲೆ ನೆನಪಾಯಿತು. ಮನೆಗೆ ಹೋಗಬೇಕಾದರೆ ಓಡಿಸಬೇಕಾದವಳು ನಾನು.

ನನ್ನ ಲೈಸೆನ್ಸಿನ ಕಥೆ ಇಷ್ಟು. ಈ ಊರಿನ ಹೆಂಗಸರು ಎಷ್ಟನೇ ಟೆಸ್ಟಿಗೆ ಪಾಸಾದೆ ಎಂಬುದನ್ನು ಹೆರಿಗೆಯ ಕಥೆಯಷ್ಟೇ ವಿವರವಾಗಿ ಹೇಳಿಕೊಳ್ಳುತ್ತಾರೆ. ನನ್ನದು ಏಳನೆಯದು. ಪಾಸಾದ ತಿಂಗಳಲ್ಲೇ ನಮ್ಮ ಕಟ್ಟಡದ ಬೇಸ್‌ಮೆಂಟಿನ ಕಂಬಕ್ಕೆ ಗುದ್ದಿದೆ. ಆಮೇಲೆ ಒಂಬತ್ತು ವರ್ಷ ಸ್ಟೀರಿಂಗ್ ಮುಟ್ಟಲಿಲ್ಲ, ಕಾರ್ಡನ್ನು ಮಾತ್ರ ತಪ್ಪದೆ ರಿನ್ಯೂ ಮಾಡಿಸಿದೆ. ಓಡಿಸಲಾಗದಿದ್ದರೂ ಕಾರ್ಡಿದ್ದರೆ ಸರಿ ಎಂದು ನಂಬಿದ್ದರಲ್ಲಿ ನಾನೂ ಅವನೂ ಒಂದೇ.

ಅಂದು ಮಿರ್ದಿಫ್‌ನಿಂದ ಅಲ್ ನಹ್ದಾಕ್ಕೆ ಬರಲು ಒಂದು ಗಂಟೆ ಹಿಡಿಯಿತು. ಹಿಂದಿನಿಂದ ಹಾರ್ನೋ ಹಾರ್ನು. ನನ್ನ ಬೆನ್ನು ಸೀಟಿಗೆ ತಾಗಲೇ ಇಲ್ಲ. ಮಾನ್ಯ ಹಿಂದೆ ಉಸಿರು ಬಿಗಿಹಿಡಿದು ಕೂತಿದ್ದಳು, ರಿಲ್ಯಾಕ್ಸ್ ಎಂದು ಒಂದು ಸಲವೂ ಹೇಳಲಿಲ್ಲ.

ಮನೆಗೆ ಬಂದು ಬಾಡಿಗೆ ಕಂಪನಿಗೆ ಬೇಡವೆಂದು ಮೇಲ್ ಬರೆದೆ. ಎರಡು ದಿನ ಅದನ್ನು ಕಳಿಸಲಾಗಲಿಲ್ಲ. ಮುಂದಿನ ವರ್ಷ ಹೋದರಾಯಿತು ಎನ್ನಲು ಮುಂದಿನ ವರ್ಷ ಅವನಿಗೆ ಎಷ್ಟು ಉಳಿದಿರುತ್ತದೆ ಎಂದು ಯಾವ ಕಾರ್ಡಿನಲ್ಲೂ ಬರೆದಿರಲಿಲ್ಲ. ಮೂರನೆಯ ದಿನ ಮೇಲ್ ಅಳಿಸಿ, ಫಾರಂ ತೆರೆದು, ಚಾಲಕ ಎಂಬಲ್ಲಿ ನನ್ನ ಹೆಸರು ಹಾಕಿದೆ. ನನ್ನ ಹೆಸರಿನ ಕಾಗುಣಿತವೇ ಎರಡು ಸಲ ತಪ್ಪಾಯಿತು.

ನನ್ನ ಅಭ್ಯಾಸಕ್ಕೆ ಸಮಯ ಬೇಕೆಂದು ಶಾಮ ಟಿಕೆಟ್ಟಿನ ದಿನ ಮುಂದೆ ಹಾಕಿಸಿ ಶೀಟು ಹೊಸದಾಗಿ ಮಾಡಿದ. ಬ್ರೂಮ್ ಹೋಯಿತು, ಕೆಂಪು ಸಾಲುಗಳು ಹೋದವು. ಈಗ ಅರ್ಧ ದಾರಿಯ ಊರಿನ ತನಕ ಮಾತ್ರ: ಪರ್ತ್‌ನಿಂದ ಎಕ್ಸ್‌ಮತ್, ಅದೇ ದಾರಿಯಲ್ಲಿ ವಾಪಸ್ಸು. ಗಂಟೆಗೆ ಐವತ್ತು. "ಐವತ್ತಾ? ಇಷ್ಟು ಅವಮಾನ ಬೇಡ," ಎಂದು ಬೈದು ಅರವತ್ತು ಮಾಡಿಸಿದೆ. ಆಗಸ್ಟ್ ಹದಿನಾಲ್ಕರ ಸಾಲಿನಲ್ಲಿ ಹೀಗೆ ಬರೆದಿದ್ದ: ಇಂದು ನನ್ನ ಲೈಸೆನ್ಸ್ ಮುಕ್ತಾಯ. ರಿನ್ಯೂ ಮಾಡಿಸುವುದಿಲ್ಲ. ಜಾಗ: ಕೋಕಿಲಾ ಪಕ್ಕದ ಸೀಟು.

ಈಗ ಪ್ರತಿ ಶನಿವಾರ ನಸುಕಿಗೇ ಮಿರ್ದಿಫ್‌ನಲ್ಲಿ ಟ್ರೇಲರ್ ಹಿಂದಕ್ಕೆ ತರುವುದನ್ನು ಕಲಿಯುತ್ತಿದ್ದೇನೆ. ನೌಶಾದರ ಮೋಟು ಗೋಡೆಗೆ ಎರಡು ಸಲ ಗುದ್ದಿದ್ದೇನೆ. ಭಯ ಹೋಗಿಲ್ಲ. ಆ ದೇಶದಲ್ಲಿ ಐವತ್ತು ಮೀಟರ್ ಉದ್ದದ ಲಾರಿಗಳು ಓಡುತ್ತವಂತೆ, ಒಂದು ಪಕ್ಕದಲ್ಲಿ ಹಾದುಹೋದರೆ ನಾನು ಏನು ಮಾಡುತ್ತೇನೋ ದೇವರೇ ಬಲ್ಲ.

ಮೊನ್ನೆ ವಾಪಸ್ಸು ಬರುವಾಗ ಸಿಗ್ನಲ್ಲಿನಲ್ಲಿ ನಿಂತಿದ್ದೆವು. ಶಾಮ ಎಡಗೈ ಚಾಚಿ ತಡಕಾಡಿದ. ಗೇರಿನ ಮೇಲಿದ್ದ ನನ್ನ ಕೈ ಸಿಕ್ಕಿತು. ಇಲ್ಲಿ ಓಡಿಸುವವರು ಎಡಕ್ಕೆ ಕೂರುತ್ತಾರೆ. ಸ್ಟೀರಿಂಗ್ ಹಿಡಿದಂದಿನಿಂದ ನಾನು ಅವನ ಎಡಕ್ಕೆ, ಇಷ್ಟು ದಿನವೂ ಅವನ ಪಾಲಿಗೆ ಪಕ್ಕದಲ್ಲಿ ನಾನು ಇರಲೇ ಇಲ್ಲವೆಂದು ಆಗ ಹೊಳೆಯಿತು.

"ಅಲ್ಲಿ ಉಲ್ಟಾ ಅಲ್ವಾ," ಎಂದ. "ಓಡಿಸೋರು ಬಲಕ್ಕೆ. ದಾರಿ ಉದ್ದಕ್ಕೂ ನೀನು ಕಾಣ್ತೀಯ."

ಹಸಿರು ಬಿತ್ತು. ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. "ನನ್ನ ನೋಡೋಕೆ ಅಷ್ಟು ದೂರ ಹೋಗ್ಬೇಕಾ? ಆಕಾಶ ನೋಡು, ಸಾಕು," ಎಂದು ಗದರಿ ಗಾಡಿ ಮುಂದಕ್ಕೆ ಬಿಟ್ಟೆ.