ಪಟ್ಟಾ ಬಿಗಿದವರು ಯಾರು

ಆದೆಪ್ಪ ಸಾವಕಾರ ಓಡುವ ಕುದುರೆಯ ಮೇಲೆ ನಿಲ್ಲುವುದನ್ನು ಮಗನಿಗೆ ಕಲಿಸಲು ಒಬ್ಬನನ್ನು ಇಟ್ಟ. ಆ ಒಬ್ಬನ ಮೇಲೆ ಕಣ್ಣಿಡಲು ಮಗನನ್ನೇ ಇಟ್ಟ.

ಮಗ ಅಮರಗುಂಡಪ್ಪನಿಗೆ ಹತ್ತು ವರ್ಷ. ಕಲಿಸುವವನು ಮೌಲಾಸಾಬ್, ನಿಜಾಮನ ಕುದುರೆದಂಡಿನಲ್ಲಿ, ರಿಸಾಲೆಯಲ್ಲಿ, ಹದಿನೆಂಟು ವರ್ಷ ಸವಾರನಾಗಿದ್ದ ಮುದುಕ. ಪೊಲೀಸ್ ಆಕ್ಷನ್ ಆಗಿ ದಂಡು ಚದುರಿದ ಮೇಲೆ ಅಲ್ಲಿನ ಕುದುರೆಗಳು ಹರಾಜಿಗೆ ಬಂದವು. ಮಸ್ಕಿ, ಸಿಂಧನೂರಿನ ಸಂತೆಗಳಿಗೆ ಓಡಾಡಲು ಆದೆಪ್ಪ ಒಂದು ಕೆಂಪು ಹೆಣ್ಣುಕುದುರೆ ಹಿಡಿದ. ಗೊರಸಿನ ಮೇಲೆ ಸುಟ್ಟು ಬರೆದ ನಂಬರು ನಲವತ್ತೆರಡು. ರಿಸಾಲೆಯಲ್ಲಿ ಅದರ ಹೆಸರೂ ಅದೇ, ಬಯಾಲೀಸ್. ಲಿಂಗಸುಗೂರಿಗೆ ಬಂದು ಮೂರು ದಿನ ಅದು ಯಾರ ಕೈಯ ಹುಲ್ಲನ್ನೂ ಮೂಸಲಿಲ್ಲ. ನಾಲ್ಕನೇ ದಿನ ಮೌಲಾಸಾಬ್ ಕಬ್ಬಿಣದ ಪೆಟ್ಟಿಗೆ ಹೊತ್ತು ಬಂದು ಅಂಗಳದಲ್ಲಿ ನಿಂತ. ಕುದುರೆ ಕಿವಿ ನಿಗುರಿಸಿತು. ಅವನನ್ನು ಇಟ್ಟುಕೊಳ್ಳದೆ ಆದೆಪ್ಪನಿಗೆ ಬೇರೆ ದಾರಿಯಿರಲಿಲ್ಲ.

ರಜಾಕಾರರ ಗಲಾಟೆಯಲ್ಲಿ ಆದೆಪ್ಪನ ಮನೆಯವರು ತುಂಗಭದ್ರೆ ದಾಟಿ ಆರು ತಿಂಗಳು ಗುಡಾರದಲ್ಲಿ ಕಳೆದಿದ್ದರು. ತಾನು ಆಗ ಹೈದರಾಬಾದಿನಲ್ಲಿ ಕುದುರೆಯ ಮೈ ತಿಕ್ಕುತ್ತಿದ್ದೆ ಎಂದು ಮೌಲಾಸಾಬ್ ಹೇಳಿದ್ದ.

"ಆಂವ ಹೇಳತಾನ, ನಾವು ಕೇಳತೀವಿ," ಎನ್ನುತ್ತಿದ್ದಳು ಹುಡುಗನ ತಾಯಿ ವೀರಭದ್ರಮ್ಮ. "ಕಂಡಾವ್ರು ಯಾರು?"

ಆದರೆ ಐವತ್ತೊಂದರ ಜನವರಿ ಇಪ್ಪತ್ತಾರಕ್ಕೆ, ಹಿಂದೆ ದಂಡು ಬೀಡುಬಿಟ್ಟಿದ್ದ ಛಾವಣಿ ಮೈದಾನದಲ್ಲಿ, ಶಾಲೆಯ ಕವಾಯತು ನಿಗದಿಯಾಗಿತ್ತು. ತಹಸೀಲ್ದಾರರ ಎದುರಿಗೆ ತನ್ನ ಮಗ ಕುದುರೆಯ ಮೇಲೆ ನಿಂತು ಧ್ವಜ ಹಿಡಿಯುತ್ತಾನೆಂದು ಆದೆಪ್ಪ ಊರಿಗೆಲ್ಲ ಸಾರಿಬಿಟ್ಟಿದ್ದ. ಮೊದಲ ದಿನವೇ ಮಗನನ್ನು ಅಂಗಡಿಯ ಒಳಕೋಣೆಗೆ ಕರೆದ.

"ನೀ ಕುದುರಿ ನೋಡಬ್ಯಾಡ, ಆಂವನ ಕೈ ನೋಡು. ಎಲ್ಲಿ ಹಿಡೀತಾನ, ಎಲ್ಲಿ ಬಿಡತಾನ, ಸಂಜಿಮುಂದ ಬಂದು ನನಗ ಹೇಳಬೇಕು."

ಹುಡುಗ ಹಾಗೆಯೇ ಮಾಡಿದ. ಕುದುರೆಯ ಬೆನ್ನಿಗೆ ಜೀನು ಇರಲಿಲ್ಲ. ಮಡಿಸಿದ ಕಂಬಳಿ, ಅದರ ಮೇಲೆ ಹೊಟ್ಟೆಯ ಸುತ್ತ ಬಿಗಿಯುವ, ಎರಡು ಹಿಡಿಕೆಗಳಿದ್ದ ಅಗಲ ತೊಗಲಿನ ಪಟ್ಟಾ, ಅಷ್ಟೆ. ಮೌಲಾಸಾಬ್ ಉದ್ದ ಹಗ್ಗ ಹಿಡಿದು ನಡುವೆ ನಿಲ್ಲುತ್ತಿದ್ದ. ಬಯಾಲೀಸ್ ಅವನ ಸುತ್ತ ಗಾಣದೆತ್ತಿನಂತೆ ಒಂದೇ ಹದದಲ್ಲಿ ಓಡುತ್ತಿತ್ತು. ಹುಡುಗ ಅದರ ಜೊತೆಗೆ ಓಡಿ, ಹಿಡಿಕೆ ಹಿಡಿದು, ಗೊರಸಿನ ಸಪ್ಪಳಕ್ಕೆ ಸರಿಯಾಗಿ ಹಾರಬೇಕು. ಮೊದಲ ವಾರವೆಲ್ಲ ಅವನು ಹೊಟ್ಟೆಯ ಮೇಲೆ ಜೋಳದ ಚೀಲದಂತೆ ಜೋತುಬಿದ್ದ.

"ನೀ ಹಾರಬ್ಯಾಡಲೇ ಬೇಟಾ. ಅದು ಎತ್ತತೈತಿ, ನೀ ಏರು."

ಮೊಣಕಾಲೂರಿ ಕೂರುವುದು ಬಂತು. ಒಂದು ಕಾಲು ಹಿಂದಕ್ಕೆ ಚಾಚುವುದು ಬಂತು. ಆಮೇಲೆ ನಿಲ್ಲುವುದು.

"ಹಿಡಿಕಿ ಬಿಡು."

ಹುಡುಗ ಬಿಡಲಿಲ್ಲ.

"ಬಿಡಲೇ. ಹಿಡಕೊಂಡು ನಿಂತವ್ರೆಲ್ಲ ಬಿದ್ದಾರ."

ಸಂಜೆ ಇದನ್ನು ಕೇಳಿ ತಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಪರರ ಮಗನಿಗೆ ಕೈ ಬಿಡು ಅಂತ ಯಾರರ ಹೇಳತಾರೇನ?"

ಮರುದಿನ ಹುಡುಗ ಕೈ ಬಿಟ್ಟ. ಮೂರು ಸುತ್ತು ನಿಂತ. ತೋಳು ಚಾಚಿದಾಗ ಛಾವಣಿಯ ಮುರುಕು ಗೋಡೆಗಳು, ಬೇವಿನ ಮರ, ಹಗ್ಗ ಹಿಡಿದ ಮುದುಕ ಎಲ್ಲ ತನ್ನ ಕಾಲಡಿಯಲ್ಲೇ ತಿರುಗಿದಂತಾಯಿತು. ಕೆಳಗಿಳಿದಾಗ ಬಾಯಿತುಂಬ ನಗು ಬಂದಿತ್ತು. ಆ ದಿನ ಅವನು ಮೌಲಾಸಾಬನ ಕೈ ನೋಡಲು ಮರೆತಿದ್ದ. ತಂದೆ ಕೇಳಿದಾಗ ಸುಮ್ಮನಿರಲಾಗದೆ, ದಿನವೂ ಕಾಣುತ್ತಿದ್ದ ಒಂದು ಸಂಗತಿ ಹೇಳಿದ.

"ಪಟ್ಟಾ ಮೊದಲು ಬಿಗಿತಾನ. ಕುದುರಿ ಒಂದು ಸುತ್ತು ನಡಸತಾನ. ಆಮ್ಯಾಲ ಬಂದು ಬಿಚ್ಚತಾನ."

"ಬಿಚ್ಚತಾನ?"

"ಬಿಚ್ಚಿ ಮತ್ತ ಬಿಗಿತಾನ."

"ಒಮ್ಮೆ ಬಿಗಿದದ್ದನ್ನ ಯಾಕ ಬಿಚ್ಚಬೇಕು?" ಆದೆಪ್ಪ ತಕ್ಕಡಿ ಕೆಳಗಿಟ್ಟ. "ನಾಳೆ ಆಂವ ಆಕಡೆ ಸರಿದ ಕೂಡ್ಲೆ ನೀನ ಬಿಚ್ಚಿ ಗಟ್ಟಿ ಬಿಗಿ. ಆಂವಗ ಹೇಳಬ್ಯಾಡ."

ಮರುದಿನ ಮೌಲಾಸಾಬ್ ಎಂದಿನಂತೆ ಬಿಗಿದ, ನಡೆಸಿದ, ಬಿಚ್ಚಿ ಐದನೇ ತೂತಿಗೆ ಬಿಗಿದು ಹಗ್ಗ ತರಲು ಬೇವಿನ ಮರದ ಕಡೆಗೆ ಹೋದ. ಹುಡುಗ ಬಿಚ್ಚಿದ. ಮೊಣಕಾಲು ಕೊಟ್ಟು ಎಳೆದ. ಮೂರನೇ ತೂತಿಗಿಂತ ಮುಂದೆ ಬರಲಿಲ್ಲ. ಆದರೆ ಪಟ್ಟಾದಡಿ ಒಂದು ಬೆರಳೂ ತೂರುತ್ತಿರಲಿಲ್ಲ. ಕುದುರೆಯ ಹೊಟ್ಟೆ ಹಲಗೆಯಂತೆ ಬಿರುಸಾಗಿತ್ತು. ಮುದುಕನಿಗಿಂತ ತಾನೇ ಗಟ್ಟಿ ಬಿಗಿದೆ ಎಂದುಕೊಂಡ.

ಆಗಷ್ಟೇ ನೋಡಿ ಹೋಗಿದ್ದ ಮೌಲಾಸಾಬ್ ಮತ್ತೆ ನೋಡಲಿಲ್ಲ.

ಹಾರುವಾಗ ಏನೂ ಆಗಲಿಲ್ಲ. ನಿಂತ. ಎರಡನೇ ಸುತ್ತಿನಲ್ಲಿ ಅಂಗಾಲಿನಡಿ ಕಂಬಳಿ ಸರಿಯಿತು. ಪಟ್ಟಾ ಹೊಟ್ಟೆಯ ಕಡೆಗೆ ತಿರುಗಿತು. ಅವನು ಬಲಭುಜದ ಮೇಲೆ ಬಿದ್ದ. ಎಲುಬು ಮುರಿದ ಸಪ್ಪಳ ಅವನಿಗೇ ಕೇಳಿಸಿತು.

ಬಯಾಲೀಸ್ ಅಲ್ಲೇ ನಿಂತುಬಿಟ್ಟಿತು. ಮೌಲಾಸಾಬ್ ಮೊದಲು ಹುಡುಗನನ್ನು ಮುಟ್ಟಿ ನೋಡಿದ, ಆಮೇಲೆ ಪಟ್ಟಾದ ತೂತು ನೋಡಿದ.

"ನೀ ಬಿಗಿದ್ಯಾ?"

ಹುಡುಗ ಹಲ್ಲು ಕಚ್ಚಿ ಭುಜ ಹಿಡಿದುಕೊಂಡ. ಮುದುಕ ಅವನನ್ನು ಎತ್ತಿಕೊಂಡು ಮನೆಯ ಕಡೆ ನಡೆದ. ದಾರಿಯಲ್ಲಿ ಬೇರೆ ಯಾರಿಗೋ ಹೇಳುವಂತೆ ಹೇಳಿದ: "ಬಿಗಿಯೋಮುಂದ ಹೊಟ್ಟಿ ಉಬ್ಬಸತೈತಿ ಅದು. ನಡಸಿ, ಉಸುರು ಬಿಡಿಸಿ, ಆಮ್ಯಾಲ ಬಿಗೀಬೇಕು. ರಿಸಾಲೆದಾಗ ಎಲ್ಲಾ ಕುದುರಿಗಳೂ ಹಂಗ."

ಎಲುಬು ಕೂಡಿಸುವವನು ಬಂದು ತೋಳನ್ನು ಎದೆಗೆ ಕಟ್ಟಿ ಹೋದ. ಆದೆಪ್ಪ ಮೌಲಾಸಾಬನನ್ನು ಏನೂ ಕೇಳಲಿಲ್ಲ. "ಮುಂಜಾನೆ ಠಾಣೆಕ್ಕ ಹೋಗೋಣು. ಅಲ್ಲಿನ ಪೊಲೀಸ್ ಅಮೀನರ ಮುಂದ ಹೇಳೀಯಂತ," ಎಂದಷ್ಟೇ ಅಂದ. ರಿಸಾಲೆಯಲ್ಲಿದ್ದವನು ಆ ದಿನಗಳಲ್ಲಿ ಠಾಣೆಯ ಒಳಗೆ ಹೋದರೆ ಎಂದು ಹೊರಬರುತ್ತಾನೆಂದು ಯಾರೂ ಹೇಳುವಂತಿರಲಿಲ್ಲ. ಅದು ಹತ್ತು ವರ್ಷದವನಿಗೂ ಗೊತ್ತಿತ್ತು.

ಬೆಳಗಾದಾಗ ಮೌಲಾಸಾಬನ ಪೆಟ್ಟಿಗೆ ಲಾಯದ ಬಾಗಿಲಲ್ಲಿತ್ತು. ಆದೆಪ್ಪ ರುಮಾಲು ಸುತ್ತುತ್ತಿದ್ದ.

"ಅಪ್ಪಾ, ಪಟ್ಟಾ ನಾ ಬಿಗಿದಿದ್ದೆ. ಆಂವ ಅಲ್ಲ."

"ಹಿಂಗ ಹೇಳಂತ ಆಂವನ ಹೇಳಿಕೊಟ್ಟಾನ."

"ಇಲ್ಲ. ಅದು ಹೊಟ್ಟಿ ಉಬ್ಬಸತೈತಿ."

"ನಿನಗ್ಯಾರು ಹೇಳಿದ್ರು?"

"ಮೌಲಾಸಾಬ್."

"ನೋಡಿದ್ಯಾ," ಎಂದ ಆದೆಪ್ಪ ಹೆಂಡತಿಯ ಕಡೆ ತಿರುಗಿ.

ಹುಡುಗ ಒಂದು ಕೈಯಲ್ಲೇ ಪಟ್ಟಾ ಎಳೆದು ತಂದು ತಂದೆಯ ಕಾಲ ಮುಂದೆ ಹಾಕಿದ. "ನೀನ ಬಿಗಿ." ಆದೆಪ್ಪ ಲಾಯಕ್ಕೆ ಹೋಗಿ ಕಂಬಳಿ ಹಾಕಿ ಬಿಗಿದ. ಹತ್ತಿಯ ಅಂಡಿಗೆ, ಮೂಟೆ ಕಟ್ಟಿ ಪಳಗಿದ ಕೈ. ಆದರೂ ಮೂರನೇ ತೂತಿಗೆ ನಿಂತಿತು. ಹುಡುಗ ಕುದುರೆಯನ್ನು ಅಂಗಳದಲ್ಲಿ ಒಂದು ಸುತ್ತು ನಡೆಸಿ ತಂದ. "ಈಗ ಕೈ ಹಾಕು."

ಆದೆಪ್ಪನ ಮುಷ್ಟಿಯೇ ಪಟ್ಟಾದಡಿ ಹೊಕ್ಕಿತು. ಅವನು ಕೈ ಹೊರಗೆಳೆದ, ಮತ್ತೊಮ್ಮೆ ಹೊಕ್ಕಿಸಿ ನೋಡಿದ, ಲಾಯದ ಮೂಲೆಯಲ್ಲಿ ಕೈಕಟ್ಟಿ ನಿಂತ ಮೌಲಾಸಾಬನನ್ನು ನೋಡಿದ.

"ಕುದುರಿಗೂ ಕಲಿಸ್ಯಾನಲ್ಲಲೇ," ಎಂದ.

ವೀರಭದ್ರಮ್ಮ ಹೌದೆಂಬಂತೆ ಮೆಲ್ಲಗೆ ತಲೆಯಾಡಿಸಿದಳು. ಆದೆಪ್ಪ ಚಪ್ಪಲಿ ಮೆಟ್ಟಿಕೊಂಡ. "ನಡಿ ಮೌಲಾಸಾಬ್."

"ನಾನೂ ಬರತೀನಿ," ಎಂದ ಹುಡುಗ.

"ನೀ ಯಾಕ?"

"ಅಮೀನರು ಕೇಳತಾರಲ್ಲ. ಪಟ್ಟಾ ಬಿಚ್ಚಿ ಬಿಗಿ ಅಂತ ನನಗ ಅಂಗಡಿಯಾಗ ಹೇಳಿದಾವ್ರು ಯಾರು ಅಂತ ಹೇಳತೀನಿ. ಆಂವಗ ಹೇಳಬ್ಯಾಡ ಅಂದದ್ದೂ ಹೇಳತೀನಿ."

ಆದೆಪ್ಪ ಮಗನ ಮುಖವನ್ನು ಬಹಳ ಹೊತ್ತು ನೋಡಿದ. ಸಂತೆಯಲ್ಲಿ ಗುರುತಿಲ್ಲದ ಊರಿನ ಎತ್ತನ್ನು ನೋಡುವ ನೋಟ ಅದು.

"ಹಿಂಗ ಮಾತಾಡೋದು ಯಾರು ಕಲಿಸಿದ್ರು ನಿನಗ?"

ಹುಡುಗ ಕುದುರೆಯ ಕಡೆ ತಿರುಗಿ ಒಂದೇ ಕೈಯಲ್ಲಿ ಪಟ್ಟಾ ಬಿಚ್ಚತೊಡಗಿದ. ಯಾವ ಹೆಸರು ಹೇಳಿದರೂ ಅಪ್ಪ ನಂಬುವವನಲ್ಲ.

"ಸಾವಕಾರ್ರ," ಮೌಲಾಸಾಬ್ ಮೂಲೆಯಿಂದ ಕೇಳಿದ, "ಕುದುರಿ ನೀರ ಕುಡದಿಲ್ಲ. ಕುಡಿಸಿ ಬರಲೇನ್ರಿ?"

ಆದೆಪ್ಪ ಜಗಲಿಯ ಮೇಲೆ ಕುಳಿತು ಒಂದೊಂದಾಗಿ ಚಪ್ಪಲಿ ಬಿಟ್ಟ.

"ಕುಡಸು. ಠಾಣೆಕ್ಕ ಯಾಕ ಬರತೀ? ಕುಡಸು, ಹುಲ್ಲು ಹಾಕು."

ಹೇಳಿದ್ದು ಮೌಲಾಸಾಬನಿಗೆ. ಕಣ್ಣು ಮಾತ್ರ ಮಗನನ್ನು ಬಿಟ್ಟು ಕದಲಲಿಲ್ಲ.